ಮೆಟ್ಟಿಲ ತುದಿಯ ಕೂಗು

ಮೈಸೂರಿನ ಕೋರ್ಟಿನ ಆವರಣದಲ್ಲಿ ವಕೀಲರು ಯಾವ ವಿಷಯಕ್ಕೂ ಒಮ್ಮತಕ್ಕೆ ಬಂದವರಲ್ಲ. ಕ್ಯಾಂಟೀನಿನ ಕಾಫಿಗೆ ಚಿಕೋರಿ ಎಷ್ಟಿರಬೇಕು ಅನ್ನುವುದಕ್ಕೂ ಅಲ್ಲಿ ಎರಡು ಪಕ್ಷ. ಆದರೆ ದಲಾಯತ ಸಣ್ಣಮಾದಯ್ಯನವರ ಗಂಟಲಿನ ವಿಷಯದಲ್ಲಿ ಮಾತ್ರ ಯಾರೂ ತಕರಾರು ಎತ್ತುತ್ತಿರಲಿಲ್ಲ. ಬಿಳಿ ಕೋಟು, ತಲೆಗೆ ಪೇಟ, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಬೆಳಿಗ್ಗೆ ತಾನೇ ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆಯ ಬಿಲ್ಲೆ. ಬೆಂಚ್ ಕ್ಲರ್ಕು ತಲೆಯೆತ್ತದೆ ಒಂದು ಹೆಸರು ಗೊಣಗಿದರೆ ಸಾಕು, ಆ ಹೆಸರು ಸಣ್ಣಮಾದಯ್ಯನವರ ಬಾಯಿಂದ ಹೊರಬಿದ್ದು, ಜಗಲಿ ದಾಟಿ, ಮೆಟ್ಟಿಲಿಳಿದು, ಗೇಟಿನ ಬಳಿಯ ಮಳೆಮರದ ಕೆಳಗೆ ಕಡಲೆಕಾಯಿ ಸುಲಿಯುತ್ತ ಕೂತ ಕಕ್ಷಿದಾರನ ಕಿವಿಗೇ ಹೋಗಿ ಬೀಳುತ್ತಿತ್ತು.

ಹೆಸರನ್ನು ಮೂರು ಸಲ ಕೂಗಬೇಕು, ಅದು ಕೋರ್ಟಿನ ಪದ್ಧತಿ. ಮೂರನೆಯದಕ್ಕೂ ಆಸಾಮಿ ಬರದಿದ್ದರೆ ಗೈರುಹಾಜರು ಎಂದು ಬರೆದು ಮುಂದಿನ ಕೇಸು. ವರ್ಷಗಟ್ಟಲೆ ಅಲೆದ ದಾವೆ ಅಷ್ಟಕ್ಕೇ ವಜಾ ಆಗಿಬಿಡುವುದೂ ಉಂಟು. ಸಣ್ಣಮಾದಯ್ಯನವರು ಮೊದಲನೆಯ ಕೂಗನ್ನು ಕೋರ್ಟು ಹಾಲಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಎರಡನೆಯದನ್ನು ಜಗಲಿಯ ಕಂಬದ ಹತ್ತಿರ. ಮೂರನೆಯದನ್ನು ಮೆಟ್ಟಿಲ ತುದಿಯಲ್ಲಿ, ಗೇಟಿನ ಕಡೆ ಮುಖ ಮಾಡಿ. ಅವರು ಈ ಮೂರು ಜಾಗದ ನಡುವೆ ನಡೆದು ಹೋಗುವಷ್ಟರಲ್ಲಿ ಮಂಡಿನೋವಿನ ಮುದುಕಿಯೂ ಮರದ ಬುಡದಿಂದ ಎದ್ದು, ಸೆರಗು ಸರಿಮಾಡಿಕೊಂಡು, ಒಳಗೆ ಬಂದು ಕೈಮುಗಿಯಬಹುದಾಗಿತ್ತು.

ಈ ನಡಿಗೆಯನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಪ್ಪತ್ತರ ದಶಕದ ಶುರುವಿನಲ್ಲಿ, ಅವರೂ ಬಾಗಿಲಲ್ಲೇ ನಿಂತು ಮೂರನ್ನೂ ಒಂದೇ ಉಸಿರಿಗೆ ಮುಗಿಸುತ್ತಿದ್ದವರೇ. ಒಂದು ದಿನ ಚಿಕ್ಕಮಾದಮ್ಮ ಎಂಬ ಮುದುಕಿ ಗೇಟಿನಿಂದ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಅವಳ ಅರ್ಜಿ ವಜಾ ಆಗಿತ್ತು. ಆಕೆ ಯಾರನ್ನೂ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, ನನ್ನ ಹೆಸರು ಇಷ್ಟು ಬೇಗ ಮುಗಿದುಹೋಗುತ್ತೆ ಅಂತ ಗೊತ್ತಿರಲಿಲ್ಲ ಕಣಪ್ಪ, ಅಂದಳು. ಸಣ್ಣಮಾದಯ್ಯನವರು ಅವತ್ತು ತಂದಿದ್ದ ಬುತ್ತಿಯನ್ನು ಬಿಚ್ಚದೆ ಮನೆಗೆ ವಾಪಸು ಒಯ್ದರು. ಮಾರನೆಯ ದಿನದಿಂದ ಅವರು ನಡೆಯತೊಡಗಿದರು.

ಕೂಗಿನಲ್ಲಿ ಇನ್ನೊಂದು ವಿಶೇಷವಿದೆ. ಕೂಗುವಾಗ ಹೆಸರಿಗೆ ಬಾಲ ಹಚ್ಚುವಂತಿಲ್ಲ. ಯಜಮಾನರು, ಸಾಹೇಬರು, ಬುದ್ಧಿಯವರು ಯಾವುದೂ ನಡೆಯುವುದಿಲ್ಲ. ಹೆಸರು, ಜೊತೆಗೆ ತಂದೆಯ ಹೆಸರು, ಅಷ್ಟೇ. ಸಣ್ಣಮಾದಯ್ಯನವರು ನಂಜನಗೂಡಿನ ಕಡೆಯ ಒಂದು ಹುಂಡಿಯಿಂದ, ಅಂದರೆ ಪುಟ್ಟ ಹಳ್ಳಿಯಿಂದ, ಬಂದವರು. ಆ ಊರಿನಲ್ಲಿ ಅವರ ತಂದೆ ಪಟೇಲರ ಮನೆಯ ಜಗಲಿಯಿಂದ ಇಷ್ಟು ದೂರ ಎಂದು ಗೊತ್ತು ಮಾಡಿದ ಜಾಗದಲ್ಲಿ ನಿಂತು, ಚಪ್ಪಲಿ ಕೈಯಲ್ಲಿ ಹಿಡಿದು, ‘ಬುದ್ಧೀ’ ಎಂದು ಕರೆಯಬೇಕಾಗಿತ್ತು. ಪಟೇಲರಿಗೂ ಒಂದು ಹೆಸರಿದೆ ಎಂಬುದು ಗೊತ್ತಿದ್ದರೂ ಅದು ಇವರ ಕೇರಿಯ ನಾಲಗೆಯ ಮೇಲೆ ಬರುವಂಥದ್ದಾಗಿರಲಿಲ್ಲ. ಒಂದು ಬೆಳಿಗ್ಗೆ ಬೆಂಚ್ ಕ್ಲರ್ಕು ಹೇಳಿದ ಹೆಸರು ಕೇಳಿ ಸಣ್ಣಮಾದಯ್ಯನವರ ಕಾಲು ನೆಲಕ್ಕೆ ಅಂಟಿಕೊಂಡಿತು. ದೇವರಾಜು. ಅದೇ ಊರು, ಅದೇ ಪಟೇಲರು, ಜಮೀನಿನ ವ್ಯಾಜ್ಯ.

ಬಾಗಿಲಲ್ಲಿ ಕೂಗಿದ್ದು ಅವರಿಗೇ ಸರಿಯಾಗಿ ಕೇಳಿಸಲಿಲ್ಲ. ಕಂಬದ ಹತ್ತಿರ ಸ್ವಲ್ಪ ಗಂಟಲು ಬಿಟ್ಟಿತು. ಮೆಟ್ಟಿಲ ತುದಿಗೆ ಬರುವ ಹೊತ್ತಿಗೆ ಅವರೊಳಗೆ ಅದೇನು ಎದ್ದು ನಿಂತಿತೋ, ಮಳೆಮರದ ಕಾಗೆಗಳೆಲ್ಲ ಹಾರಿದವು. ಪಟೇಲರು ಮರದ ಕೆಳಗಿನಿಂದ ಎದ್ದು, ನೆಲ ನೋಡುತ್ತ ಮೆಟ್ಟಿಲು ಹತ್ತಿ, ಇವರ ಪಕ್ಕದಲ್ಲೇ ಹಾದು ಒಳಗೆ ಹೋದರು. ಆ ಸಂಜೆ ಅಶೋಕಪುರಂನ ಮನೆಯಲ್ಲಿ ಹೆಂಡತಿ ಪುಟ್ಟಲಿಂಗಮ್ಮ, ಪಟೇಲರ ಸೊಕ್ಕು ಇಳೀತು ಬುಡಿ ಎಂದು ಕುಣಿದಾಡಿದಾಗ ಸಣ್ಣಮಾದಯ್ಯ ತಲೆಯಾಡಿಸಿದರು. ಅವರಿಗೆ ಖುಷಿ ಕೊಟ್ಟದ್ದು ಅದಲ್ಲ.

“ಅವ್ರ ಹೆಸ್ರೂ ಚಿಕ್ಕಮಾದಮ್ಮನ ಹೆಸ್ರೂ ಅಲ್ಲಿ ಒಂದೇ ಕಣಮ್ಮಿ. ಒಂದೇ ಕೂಗು,” ಅಂದರು.

ಅವತ್ತಿನಿಂದ ಅದು ಅವರ ಬದುಕಿನ ಹೆಮ್ಮೆಯಾಯಿತು. ಕೂಗು ಎಲ್ಲರಿಗೂ ಒಂದೇ. ಮಿಲ್ ಮಾಲೀಕನಿಗೂ ಅದೇ, ಜೇಬುಗಳ್ಳನಿಗೂ ಅದೇ. ಒಮ್ಮೆ ಸ್ವಂತ ಷಡ್ಡಕನೇ ಕಕ್ಷಿದಾರನಾಗಿ ಬಂದು, ಸ್ವಲ್ಪ ಮೆಲ್ಲಗೆ ಕೂಗಿ ಭಾವ, ಊರವರೆಲ್ಲ ಇದಾರೆ, ಎಂದು ಕಿವಿಯಲ್ಲಿ ಹೇಳಿದರೆ, ಇವರು ಎಂದಿನಂತೆಯೇ ಕೂಗಿ ಎರಡು ವರ್ಷ ಷಡ್ಡಕನ ಮನೆಯ ಹಬ್ಬದೂಟ ಕಳೆದುಕೊಂಡರು. ಹೆಮ್ಮೆ ಒಳ್ಳೆಯದೇ. ಆದರೆ ಅದು ಬಲಿಯುತ್ತ ಬಲಿಯುತ್ತ ಕಣ್ಣಿಗೆ ಅಡ್ಡ ಬರುವುದೂ ಇದೆ. ಸಣ್ಣಮಾದಯ್ಯನವರಿಗೂ ಒಂದು ದಿನ ಹಾಗೆ ಅಡ್ಡ ಬಂತು, ಅದೂ ಹೆತ್ತ ಮಗಳ ವಿಷಯದಲ್ಲಿ.

ಮಗಳು ಸಂಘಮಿತ್ರ. ಬುದ್ಧವಿಹಾರಕ್ಕೆ ಹೋಗಿ ಬರುತ್ತಿದ್ದ ದಿನಗಳಲ್ಲಿ ಹುಟ್ಟಿದ ಕೂಸಾದ್ದರಿಂದ ಆ ಹೆಸರು. ಮನೆಯಲ್ಲಿ ಮಾತ್ರ ಅಪ್ಪನಿಗೆ ಅವಳು ‘ಅವ್ವ’. ಅಣ್ಣ ಅಮರ್ ಐ.ಟಿ.ಐ. ಮುಗಿಸಿ ಹೂಟಗಳ್ಳಿಯ ಒಂದು ಕಾರ್ಖಾನೆಗೆ ಸೇರಿದ್ದ, ಗಂಭೀರ ಹುಡುಗ. ಇವಳು ಹಾಗಲ್ಲ, ಹುಟ್ಟಾ ವಾದಗಾತಿ. ಮುದ್ದೆ ಬೇಡ ಅನ್ನುವುದಕ್ಕೂ ಮೂರು ಕಾರಣ ಕೊಡುತ್ತಿದ್ದಳು. ರಾಮಕೃಷ್ಣನಗರದ ಶಿಶುವಿಹಾರದಲ್ಲಿ ಆಯಾ ಆಗಿದ್ದ ಪುಟ್ಟಲಿಂಗಮ್ಮ, ನಾನು ಇಡೀ ದಿನ ಕಂಡವರ ಮಕ್ಕಳ ಹಟ ಸಹಿಸಿ ಬರೋದು ಸಾಲದು ಅಂತ ಮನೇಲಿ ಇವಳೊಬ್ಬಳು, ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಶಾಲೆಗೆ ರಜೆಯಿದ್ದಾಗ ಅಪ್ಪನಿಗೆ ಬುತ್ತಿ ತರುವ ನೆಪದಲ್ಲಿ ಕೋರ್ಟಿಗೆ ಬಂದು ಮಳೆಮರದ ಕೆಳಗೆ ಕೂರುತ್ತಿದ್ದಳು. ಅಪ್ಪ ಬಾಗಿಲಿಂದ ಕಂಬಕ್ಕೆ, ಕಂಬದಿಂದ ಮೆಟ್ಟಿಲಿಗೆ ಬರುವುದನ್ನು ನೋಡುವುದೆಂದರೆ ಅವಳಿಗೆ ಸಿನಿಮಾ ನೋಡಿದಷ್ಟು ಸಂತೋಷ.

ತೊಂಬತ್ತೇಳರಲ್ಲಿ ಪಿ.ಯು.ಸಿ. ಮುಗಿಸಿ, ಹಟ ಮಾಡಿ ಐದು ವರ್ಷದ ಲಾ ಕೋರ್ಸಿಗೆ ಸೇರಿದಳು. ಸೇರಿದ ಮೇಲೆ ಬಾಯಿ ಕಟ್ಟಿತು. ಕನ್ನಡ ಮೀಡಿಯಂನಲ್ಲಿ ಓದಿ ಬಂದವಳಿಗೆ ಪಾಠವೆಲ್ಲ ಇಂಗ್ಲಿಷು. ಒಂದೊಂದು ವಾಕ್ಯ ಮುಗಿಯುವುದಕ್ಕೇ ಅರ್ಧ ಪುಟ. ಪಕ್ಕದಲ್ಲಿ ಕೂತವರಿಗೆ ಮನೆಯಲ್ಲಿ ಅಪ್ಪನೋ ಚಿಕ್ಕಪ್ಪನೋ ವಕೀಲರು, ಬೀರುವಿನ ತುಂಬ ಪುಸ್ತಕ. ಇವಳಿಗೆ ಅರ್ಥ ಕೇಳುವುದಕ್ಕೆ ಒಬ್ಬರಿಲ್ಲ, ಕೂತು ಓದುವುದಕ್ಕೆ ಒಂದು ಮೂಲೆಯಿಲ್ಲ. ಸರ್ಕಾರದ ವಿದ್ಯಾರ್ಥಿವೇತನ ಬರುತ್ತದೆ, ಆದರೆ ಅದು ಬರುವಷ್ಟರಲ್ಲಿ ವರ್ಷವೇ ಹೋಗಿರುತ್ತದೆ. ಕೆಲವೇ ವಾರಗಳಲ್ಲಿ ಹುಡುಗಿ ಮಂಕಾದಳು. ಮುದ್ದೆಯ ಮೇಲೂ ತಕರಾರಿಲ್ಲ ಅಂದ ಮೇಲೆ ಪುಟ್ಟಲಿಂಗಮ್ಮನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಅಮರ್ ತನ್ನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದಾರೆಂದು ವಿಚಾರಿಸಿಕೊಂಡು ಬಂದ. ತಂಗಿಯ ಮೇಲಿನ ಪ್ರೀತಿಯಿಂದಲೇ ಬಂದ. ಸೋಮವಾರದೊಳಗೆ ಹೇಳಬೇಕಂತೆ.

ಉಳಿದಿದ್ದ ದಾರಿ ಒಂದೇ. ಯಾದವಗಿರಿಯ ಹಿರಿಯ ವಕೀಲರಾದ ಪ್ರಭುಸ್ವಾಮಿಯವರು ತಮ್ಮ ತಂದೆ ಸಿದ್ದಲಿಂಗಸ್ವಾಮಿಯವರ ಹೆಸರಿನಲ್ಲಿ ಆ ವರ್ಷ ಒಂದು ದತ್ತಿ ಇಟ್ಟಿದ್ದರು. ಲಾ ಕಾಲೇಜಿನ ಮೊದಲ ವರ್ಷದ ಐದು ಮಕ್ಕಳಿಗೆ ಮಾತ್ರ. ಮೊದಲ ವರ್ಷವೇ ಯಾಕೆಂದರೆ, ಪ್ರಭುಸ್ವಾಮಿಯವರು ಜವಳಿ ಅಂಗಡಿಯ ಮನೆತನದವರು, ಮಠದ ಹಾಸ್ಟೆಲಿನಲ್ಲಿ ಓದಿದವರು, ತಮ್ಮ ವಂಶದಲ್ಲಿ ಮೊದಲು ಕರಿಕೋಟು ಹಾಕಿದವರು. ಅವರೂ ಮೊದಲ ವರ್ಷದಲ್ಲೇ ಪೆಟ್ಟಿಗೆ ಕಟ್ಟಿದ್ದರಂತೆ. ಒಬ್ಬ ಹಿರಿಯರು ಕೈಹಿಡಿದು ತಮ್ಮ ಆಫೀಸಿನಲ್ಲಿ ಕೂರಿಸಿಕೊಂಡದ್ದಕ್ಕೆ ಉಳಿದರಂತೆ. ಆದ್ದರಿಂದ ಈ ದತ್ತಿಯಲ್ಲಿ ಫೀಜು, ಪುಸ್ತಕ, ಬಸ್ ಪಾಸಿಗಿಂತ ದೊಡ್ಡದು ಬೇರೊಂದಿತ್ತು. ಯಾದವಗಿರಿಯ ಅವರ ಮನೆಯ ಲೈಬ್ರರಿಯಲ್ಲಿ ದಿನಾ ಸಂಜೆ ಕೂತು ಓದಲು ಒಂದು ಕುರ್ಚಿ, ಜೊತೆಗೆ ನಿವೃತ್ತ ಲಾ ಅಧ್ಯಾಪಕಿ ಸರ್ವಮಂಗಳಾ ಅವರಿಂದ ಇಂಗ್ಲಿಷ್ ಪಾಠ. ಷರತ್ತು ಎರಡೇ: ಮನೆತನದಲ್ಲಿ ಯಾರೂ ವಕೀಲರಾಗಿರಬಾರದು, ಐದೂ ಮಕ್ಕಳು ಒಂದೇ ಥರದ ಮನೆಗಳಿಂದ ಬಂದಿರಬಾರದು. ಕೋರ್ಟಿನಲ್ಲಿ ಮರದ ಕೆಳಗೆ ಕಾಯುವವರು ಎಲ್ಲ ಕೇರಿಯವರೂ ಇರುತ್ತಾರೆ, ಒಳಗೆ ನಿಂತು ವಾದಿಸುವವರೂ ಎಲ್ಲ ಕೇರಿಯವರು ಇರಲಿ ಎಂಬುದು ಅವರ ಆಸೆ.

ಸಂದರ್ಶನಕ್ಕೆ ಅವರು ಆರಿಸಿದ ಜಾಗ ಕೋರ್ಟಿನ ಜಗಲಿಗೇ ಬಾಗಿಲು ತೆರೆಯುವ ವಕೀಲರ ಕೊಠಡಿ, ಒಂದು ಭಾನುವಾರ. ಮಕ್ಕಳಿಗೆ ಮೊದಲ ದಿನದಿಂದಲೇ ಕೋರ್ಟಿನ ರೀತಿ ತಿಳಿಯಲಿ ಎಂದು ಒಂದು ನಿಯಮವನ್ನೂ ಮಾಡಿದರು. ಮೂರು ಕೂಗಿಗೆ ಬಾರದವರ ಅರ್ಜಿ ಅಲ್ಲಿಗೆ ಮುಗಿಯಿತು. ಕೂಗುವುದಕ್ಕೆ ಯಾರನ್ನು ಕರೆಯುತ್ತಾರೆ? ಮೈಸೂರಿನಲ್ಲಿ ಆ ಕೆಲಸಕ್ಕೆ ಎರಡನೆಯ ಹೆಸರೇ ಇರಲಿಲ್ಲ.

ಒಪ್ಪಿಕೊಂಡು ಬಂದ ಮೇಲೆ ಸಣ್ಣಮಾದಯ್ಯನವರಿಗೆ ಮಗಳೂ ಅರ್ಜಿ ಹಾಕಿದ್ದಾಳೆಂದು ತಿಳಿಯಿತು. ಒಲ್ಲೆ ಅನ್ನಬಹುದಾಗಿತ್ತು. ಆದರೆ ಒಲ್ಲೆ ಅಂದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಮಗಳ ಹೆಸರು ಬರುತ್ತದೆ, ಬಂದರೆ ಅದೇ ಒಂದು ಶಿಫಾರಸು ಆಗುತ್ತದೆ ಎಂದು ಅವರ ಲೆಕ್ಕಾಚಾರ. ಭಾನುವಾರ ಬೆಳಿಗ್ಗೆ ಪೇಟ ಸುತ್ತಿಕೊಳ್ಳುತ್ತ ಮಗಳಿಗೆ ತಾಕೀತು ಮಾಡಿದರು. ಬೇರೆ ಮಕ್ಕಳಂತೆ ಜಗಲಿಯಲ್ಲಿ ಕೂರಬೇಡ, ನನ್ನ ಸುತ್ತಮುತ್ತ ಸುಳಿಯಬೇಡ, ಗೇಟಿನ ಹತ್ತಿರ ಮರದ ಕೆಳಗಿರು.

“ನಿಮ್ಮ ಮಗಳಾ ಅಂತ ಯಾರಾದ್ರೂ ಕೇಳಿದ್ರೆ?” ಅಂದಳು ಸಂಘಮಿತ್ರ.

“ಕೇಳಿದ್ರೆ ಯೋಳು. ಕೇಳ್ದಲೆ ಯೋಳ್ಬ್ಯಾಡ.”

ಬಂದ ಮಕ್ಕಳು ನಾಲ್ಕು ಬೆಂಚು ತುಂಬಿದ್ದರು. ಮಂಡಿ ಮೊಹಲ್ಲಾದ ಬಳೆ ವ್ಯಾಪಾರಿಯ ಮಗಳು, ಊಟದ ಮೆಸ್ಸು ನಡೆಸುವ ವಿಧವೆಯ ಮಗಳು ಬಿಂದುಶ್ರೀ, ಮಠದ ಹಾಸ್ಟೆಲಿನಿಂದ ಬಂದ ಅಮರೇಶ್ ಎಂಬ ಕುಳ್ಳ ಹುಡುಗ, ಊರುಗೋಲು ಒರಗಿಸಿಕೊಂಡು ಕೂತ ಇನ್ನೊಬ್ಬ. ಒಳಗೆ ಮೇಜಿನ ಹಿಂದೆ ಪ್ರಭುಸ್ವಾಮಿಯವರು ಮತ್ತು ಸರ್ವಮಂಗಳಾ ಮೇಡಂ. ಮೇಡಂ ಹೆಸರು ಬರೆದ ಚೀಟಿ ಕೊಡುವುದು, ಸಣ್ಣಮಾದಯ್ಯ ಕೂಗುವುದು. ಬಾಗಿಲು, ಕಂಬ, ಮೆಟ್ಟಿಲು. ಜಗಲಿಯಲ್ಲೇ ಕೂತವರು ಮೊದಲ ಕೂಗಿಗೇ ಎದ್ದರೂ ಇವರು ತಮ್ಮ ನಡಿಗೆ ತಪ್ಪಿಸಲಿಲ್ಲ, ಮೂರೂ ಕಡೆ ಕೂಗಿಯೇ ತೀರಿದರು. ಅಮರೇಶನಂತೂ ಇದೇನೋ ಪೂಜೆಯ ಕ್ರಮವಿರಬೇಕೆಂದು ತಿಳಿದು ಕೈಮುಗಿದು ನೋಡುತ್ತಿದ್ದ.

ಮಧ್ಯಾಹ್ನ ಆ ಚೀಟಿ ಕೈಗೆ ಬಂತು. ಸಂಘಮಿತ್ರ, ತಂದೆ ಸಣ್ಣಮಾದಯ್ಯ. ಅವರು ಬಾಗಿಲಿಗೆ ಬಂದು ನಿಂತರು. ಮುಂದೆ ನಡೆದರೆ ಮೆಟ್ಟಿಲ ತುದಿಯಿಂದ ಮರದ ಕೆಳಗೆ ಕೂತ ಮಗಳು ಕಾಣುತ್ತಾಳೆ. ಕಂಡರೆ ಕಾಲು ನಿಧಾನವಾಗುತ್ತದೆ. ನಿಧಾನವಾದರೆ ಮಗಳಿಗಾಗಿ ಕಾದಂತೆ, ಇಪ್ಪತ್ತೈದು ವರ್ಷದ ಹೆಸರು ಮಣ್ಣುಪಾಲು. ಇಷ್ಟೆಲ್ಲ ಅವರ ತಲೆಯಲ್ಲಿ ಓಡಿದ್ದು ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ. ಆಮೇಲೆ ಬಾಗಿಲಲ್ಲೇ ನಿಂತು, ತಂದೆಯ ಹೆಸರನ್ನೂ ನುಂಗಿಕೊಂಡು, ಸಂಘಮಿತ್ರಾ, ಸಂಘಮಿತ್ರಾ, ಸಂಘಮಿತ್ರಾ ಎಂದು ಒಂದರ ಬೆನ್ನಿಗೆ ಒಂದು ಕೂಗಿ, ಒಳಗೆ ತಿರುಗಿ “ಗೈರು” ಅಂದುಬಿಟ್ಟರು. ಪ್ರಭುಸ್ವಾಮಿಯವರು ಹಿಂದಿನ ಹುಡುಗನ ಅರ್ಜಿಯಲ್ಲಿ ಮುಳುಗಿದ್ದರು. ಮೇಡಂ ಮುಂದಿನ ಚೀಟಿ ಕೊಟ್ಟರು. ಅಮರೇಶ್.

ಅಮರೇಶ ಇನ್ನೂ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ, ಅಷ್ಟರಲ್ಲಿ ಸಂಘಮಿತ್ರ ಓಡಿಬಂದು ಬಾಗಿಲಲ್ಲಿ ನಿಂತಳು. ಚಪ್ಪಲಿಯ ತುಂಬ ಧೂಳು, ಉಸಿರು ಹತ್ತುತ್ತಿಲ್ಲ. ಮೇಡಂ ಸಮಾಧಾನದಿಂದಲೇ ಹೇಳಿದರು. ಮೂರು ಸಲ ಕೂಗಿಯಾಯಿತಮ್ಮ, ನಿಯಮ ಎಲ್ಲರಿಗೂ ಗೊತ್ತಿದೆ, ಇನ್ನು ಮುಂದಿನ ವರ್ಷವೂ ಆಗುವುದಿಲ್ಲ, ಇದು ಮೊದಲ ವರ್ಷದವರಿಗೆ ಮಾತ್ರ. ಸಂಘಮಿತ್ರ ಅಪ್ಪನ ಕಡೆ ನೋಡಿದಳು. ಅಪ್ಪ ಗೋಡೆಯ ಕಡೆ ನೋಡುತ್ತಿದ್ದರು. ಸೋಮವಾರ ಎಂದರೆ ನಾಳೆಯೇ. ಹೂಟಗಳ್ಳಿಯ ಬಸ್ಸು ಏಳಕ್ಕೆ.

ಮನೆಯಲ್ಲಾಗಿದ್ದರೆ ಅಳುತ್ತಿದ್ದಳೇನೋ. ಇಲ್ಲಿ ಅವಳಿಗೆ ಅಳುವುದಕ್ಕಿಂತ ಮೊದಲು ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಕಳೆದುಹೋಗಿದ್ದ ಬಾಯಿ ವಾಪಸು ಬಂತು. ಒಂದು ಅರಿಕೆ ಇದೆ ಎಂದಳು. ಮೂರನೇ ಕೂಗಿಗೆ ಬಾರದವರು ಸೋತಂತೆ, ಅದನ್ನು ಒಪ್ಪುತ್ತೇನೆ. ಆದರೆ ಮೂರನೇ ಕೂಗು ಆಗಿದೆಯೇ ಎಂಬುದನ್ನು ತಾವು ವಿಚಾರಿಸಬೇಕು. ಅದಕ್ಕಾಗಿ ದಲಾಯತರನ್ನು ಕೆಲವು ಪ್ರಶ್ನೆ ಕೇಳಲು ಅಪ್ಪಣೆ ಕೊಡಿ. ಪ್ರಭುಸ್ವಾಮಿಯವರು ಅರ್ಜಿಯಿಂದ ತಲೆಯೆತ್ತಿದರು. ಇದು ಕೋರ್ಟಲ್ಲ ಎಂದು ಮೇಡಂ ಮುಖ ಗಂಟಿಕ್ಕಿದರು.

“ಕೋರ್ಟಿನ ನಿಯಮಾನ ನಾವೇ ತಂದಿದೀವಲ್ಲ ಮೇಡಂ,” ಅಂದರು ಪ್ರಭುಸ್ವಾಮಿಯವರು. “ಬರೀ ದೊಣ್ಣೆ ತಂದು ನ್ಯಾಯ ಬಿಟ್ಟು ಬಂದ ಹಾಗಾಗಬಾರದು. ಕೇಳಮ್ಮ.”

ಹುಡುಗಿ ಅಪ್ಪನ ಕಡೆ ತಿರುಗಿದಳು.

“ನಿಮ್ಮ ಎರಡನೇ ಕೂಗು ಯಾವಾಗ್ಲೂ ಎಲ್ಲಿ?”

“ಕಂಬದ ತಾವು.”

“ಮೂರನೇದು?”

“ಮೆಟ್ಲು ತುದೀಲಿ.”

“ಇವತ್ತು ನನ್ನ ಹೆಸರನ್ನ ಎಲ್ಲೆಲ್ಲಿ ಕೂಗಿದ್ರಿ?”

ಎಂದಿನಂತೆಯೇ ಅಂದಿದ್ದರೆ ಮುಗಿದುಹೋಗುತ್ತಿತ್ತು. ಸಣ್ಣಮಾದಯ್ಯನವರ ಮಾತನ್ನು ಅನುಮಾನಿಸುವವರು ಆ ಊರಿನಲ್ಲಿ ಯಾರಿದ್ದರು? ಅವರು ಬಿಲ್ಲೆಯ ಮೇಲೆ ಕೈಯಿಟ್ಟುಕೊಂಡರು.

“ಬಾಗ್ಲಲ್ಲೇ,” ಅಂದರು. “ಮೂರೂನೂವೆ.”

ಪಳಗಿದ ವಕೀಲರಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಕೂರುತ್ತಿದ್ದರು. ಈಕೆಗೆ ಹದಿನೆಂಟು, ಕಾಲೇಜಿಗೆ ಸೇರಿ ಒಂದು ತಿಂಗಳೂ ಆಗಿಲ್ಲ. ಯಾಕೆ ಎಂದು ಕೇಳಿಬಿಟ್ಟಳು. ಸಣ್ಣಮಾದಯ್ಯನವರು ಉತ್ತರವನ್ನು ಪ್ರಭುಸ್ವಾಮಿಯವರಿಗೆ ಹೇಳಿದರು. ಇವಳು ನನ್ನ ಮಗಳು ಸ್ವಾಮಿ. ಮಗಳಿಗೆ ಕಾದ ಅನ್ನಬಾರದು ಅಂತ ಬೇಗ ಕೂಗಿದೆ. ಮರದ ಕೆಳಗೆ ದೂರ ಕೂರಿಸಿದ್ದೂ ನಾನೇ. ಹೇಳುತ್ತ ಹೇಳುತ್ತ ಅವರಿಗೆ ತಾವು ಮಾಡಿದ್ದೇನೆಂದು ಹೊಳೆಯಿತು. ಮೆಟ್ಟಿಲ ಮೇಲೆ ಕೂತ ಚಿಕ್ಕಮಾದಮ್ಮನ ಮುಖ ಕಣ್ಣಿಗೆ ಕಟ್ಟಿತು. ಅಂದು ಗೊತ್ತಿಲ್ಲದೆ ಮಾಡಿದ್ದನ್ನು ಇಂದು ಗೊತ್ತಿದ್ದೂ ಮಾಡಿದ್ದರು.

ಸಂಘಮಿತ್ರ ಕೊನೆಯ ಮಾತು ಹೇಳಿದಳು. ಆ ಮಾತನ್ನು ಪ್ರಭುಸ್ವಾಮಿಯವರು ಮುಂದೆ ಎಷ್ಟೋ ಸಭೆಗಳಲ್ಲಿ ಹೇಳಿದ್ದಾರೆ, ಪ್ರತಿ ಸಲವೂ ಸ್ವಲ್ಪ ಉಪ್ಪುಖಾರ ಸೇರಿಸಿ. ಅವತ್ತು ಅವಳು ಅಂದದ್ದು ಇಷ್ಟು.

“ಪಟೇಲರಿಗೂ ಮುದುಕಿಗೂ ಒಂದೇ ಕೂಗು ಅಂತ ನಮ್ಮಪ್ಪನೇ ಹೇಳಿಕೊಟ್ಟಿದ್ದು ಸಾರ್. ಅದೇ ಕೂಗು ನನಗೂ ಬೇಕು. ಅದಕ್ಕಿಂತ ಹೆಚ್ಚು ಬೇಡ, ಕಮ್ಮೀನೂ ಬೇಡ.”

ಪ್ರಭುಸ್ವಾಮಿಯವರು ಮೇಡಂ ಕಡೆ ನೋಡಿದರು. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು. ನಿಯಮ ಮುರಿಯುವುದು ಬೇಡ, ನಿಯಮದಂತೆಯೇ ಇನ್ನೊಮ್ಮೆ ಕೂಗಿಸೋಣ ಎಂದು ಮೇಡಂ ಅವರೇ ಹೇಳಿದರು. ಅಮರೇಶ ಕುರ್ಚಿಯಿಂದ ಎದ್ದು ಸಂತೋಷವಾಗಿ ಜಗಲಿಗೆ ಹೋದ; ಇಂಥದ್ದನ್ನು ಕಂಡ ಮೇಲೆ ತನ್ನ ಸರದಿ ಎಷ್ಟು ತಡವಾದರೂ ಅವನಿಗೆ ಅಡ್ಡಿಯಿರಲಿಲ್ಲ. ಸಂಘಮಿತ್ರ ಮೆಟ್ಟಿಲಿಳಿದು ಮರದ ಕೆಳಗೆ ಹೋಗಿ ಕೂತಳು. ಪ್ರಭುಸ್ವಾಮಿಯವರು ಚೀಟಿಯನ್ನು ತಾವೇ ಎತ್ತಿ ಸಣ್ಣಮಾದಯ್ಯನವರ ಕೈಗಿತ್ತು, ಪೂರ್ತಿ ಕೂಗಿ, ಏನು ಬರೆದಿದೆಯೋ ಅಷ್ಟೂ, ಅಂದರು.

ಸಣ್ಣಮಾದಯ್ಯ ಬಾಗಿಲಿಗೆ ಬಂದರು. ಸಾವಿರಾರು ಅಪ್ಪಂದಿರ ಹೆಸರು ಕೂಗಿದ ಗಂಟಲು ಅದು, ತನ್ನದೊಂದನ್ನು ಬಿಟ್ಟು. ಬಾಗಿಲಲ್ಲಿ ಕೂಗಿದಾಗ ದನಿ ಒಡೆಯಿತು. ಕಂಬದ ಹತ್ತಿರ ಬಂದು ಕೂಗಿದರು. ಬೆಂಚುಗಳ ಮೇಲಿದ್ದ ಮಕ್ಕಳೆಲ್ಲ ತಾವಾಗಿಯೇ ಎದ್ದು ನಿಂತರು. ಮೆಟ್ಟಿಲ ತುದಿಯಲ್ಲಿ ಗೇಟಿನ ಕಡೆ ಮುಖ ಮಾಡಿ ಎದೆ ತುಂಬ ಉಸಿರೆಳೆದುಕೊಂಡರು.

“ಸಣ್ಣಮಾದಯ್ಯನ ಮಗಳು ಸಂಘಮಿತ್ರಾ!”

ಮಳೆಮರದ ಕಾಗೆಗಳೆಲ್ಲ ಹಾರಿದವು. ಪಟೇಲರ ಹೆಸರು ಕೂಗಿದ ದಿನ ಹಾರಿದ್ದಕ್ಕಿಂತ ಅವತ್ತು ಹೆಚ್ಚು ಹಾರಿದವು ಎಂದು ಸಣ್ಣಮಾದಯ್ಯನವರೇ ಹೇಳುತ್ತಿದ್ದರು. ಕಾಗೆಗಳ ವಿಷಯದಲ್ಲಿ ಅವರ ಮಾತನ್ನು ಅಷ್ಟಾಗಿ ನಂಬಬೇಕಿಲ್ಲ. ಆದರೆ ಮರದ ಕೆಳಗಿನಿಂದ ಎದ್ದ ಹುಡುಗಿ ಈ ಸಲ ಓಡಲಿಲ್ಲ. ಬೇಕಾದಷ್ಟು ಹೊತ್ತು ಇತ್ತು. ಚೂಡಿದಾರದ ದುಪ್ಪಟ್ಟಾ ಸರಿಮಾಡಿಕೊಂಡು, ನಡೆದೇ ಬಂದು, ಅಪ್ಪನ ಪಕ್ಕದಲ್ಲಿ ಹಾದು ಒಳಗೆ ಹೋದಳು. ಹೋಗುವಾಗ ತಲೆಯೆತ್ತಿಯೇ ಹೋದಳು.

ಸಂಜೆ ಆಯ್ಕೆಯಾದ ಐವರ ಹೆಸರುಗಳನ್ನೂ ಸಣ್ಣಮಾದಯ್ಯನವರೇ ಕೂಗಬೇಕಾಯಿತು. ಬಿಂದುಶ್ರೀ, ಬಳೆ ವ್ಯಾಪಾರಿಯ ಮಗಳು, ಊರುಗೋಲಿನ ಹುಡುಗ, ಸಂಘಮಿತ್ರ, ಕೊನೆಗೆ ಅಮರೇಶ್. ಐದಕ್ಕೂ ಒಂದೇ ಕೂಗು. ಅಪ್ಪ ಮಗಳು ಅಶೋಕಪುರಂವರೆಗೂ ನಡೆದೇ ಬಂದರು. ಬಾಗಿಲಲ್ಲಿ ಕಾದಿದ್ದ ಪುಟ್ಟಲಿಂಗಮ್ಮ ಗಂಡನ ಮುಖ ನೋಡಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಏನಾಯಿತು ಎಂದು ಕೇಳಿದರು. ಸಣ್ಣಮಾದಯ್ಯ ಪೇಟ ತೆಗೆದು ಗೂಟಕ್ಕೆ ಹಾಕಿದರು, ಆಗಲೂ ನಗಲಿಲ್ಲ.

“ನನ್ ಮ್ಯಾಲೇ ಗೆದ್ಬುಟ್ಲು ಕಣಮ್ಮಿ ನಿನ್ ಮಗ್ಳು,” ಅಂದರು. ಆಮೇಲೆ ತಡೆಯಲಾಗದೆ ಅತ್ತುಬಿಟ್ಟರು. ಹೆಮ್ಮೆಗೆ ಅಳುವ ಗಂಡಸನ್ನು ಪುಟ್ಟಲಿಂಗಮ್ಮ ಅಲ್ಲಿಯತನಕ ಕಂಡಿರಲಿಲ್ಲ. ಅಮರ್ ಸೋಮವಾರ ಒಬ್ಬನೇ ಹೂಟಗಳ್ಳಿಯ ಬಸ್ಸು ಹತ್ತಿದ, ಸಂಬಳ ಬಂದ ದಿನ ತಂಗಿಗೆ ಒಂದು ಇಂಗ್ಲಿಷ್ ಕನ್ನಡ ನಿಘಂಟು ತಂದ.

ಆ ಮೊದಲ ವರ್ಷ ಸುಲಭವಾಗಿಯೇನೂ ದಾಟಲಿಲ್ಲ. ಸರ್ವಮಂಗಳಾ ಮೇಡಂ ಇಂಗ್ಲಿಷ್ ಕಲಿಸುವಾಗ ತಪ್ಪು ವಾಕ್ಯಕ್ಕೆ ಹೆತ್ತ ತಾಯಿಗಿಂತ ಹೆಚ್ಚು ಬೈಯುತ್ತಿದ್ದರು. ಯಾದವಗಿರಿಯ ಲೈಬ್ರರಿಯ ಐದು ಕುರ್ಚಿಗಳಲ್ಲಿ ಐದು ಕೇರಿಯ ಮಕ್ಕಳು ಕೂತು, ಒಬ್ಬರಿಗೆ ಹೊಳೆಯದ್ದನ್ನು ಇನ್ನೊಬ್ಬರು ಹೇಳಿಕೊಡುತ್ತ, ಬಿಂದುಶ್ರೀಯ ತಾಯಿ ಕಳಿಸಿದ ಚಿತ್ರಾನ್ನವನ್ನು ಪುಸ್ತಕಕ್ಕೆ ಎಣ್ಣೆ ತಾಗದಂತೆ ಕದ್ದು ತಿನ್ನುತ್ತ ಆ ವರ್ಷ ಕಳೆದರು. ಒಬ್ಬರೂ ಬಿಟ್ಟುಹೋಗಲಿಲ್ಲ. ಸಂಘಮಿತ್ರ ಸನ್ನದು ಪಡೆದು ಕರಿಕೋಟು ಹಾಕುವ ಹೊತ್ತಿಗೆ ಅಪ್ಪ ನಿವೃತ್ತರಾಗಿದ್ದರು. ಅವಳ ಮೊದಲ ಕೇಸಿನ ದಿನ ಹಿಂದಿನ ಬೆಂಚಿನಲ್ಲಿ ಕೂತು, ಹೊಸ ದಲಾಯತ ಕೆಂಪಯ್ಯ ಕಂಬದತನಕ ಹೋಗಿ ವಾಪಸು ಬಂದದ್ದು ಕಂಡು, ಮೆಟ್ಟಿಲು ಎಲ್ಲಿಗೆ ಹೋಯ್ತಪ್ಪ ಎಂದು ಕೇಳಿ ಕೋರ್ಟಿನಿಂದ ಗದರಿಸಿಕೊಂಡರು.

ದತ್ತಿಯ ಸಂದರ್ಶನಕ್ಕೆ ಮಾತ್ರ ಅವರು ನಿವೃತ್ತರಾಗಲಿಲ್ಲ. ಎರಡು ಸಾವಿರದ ಆರು, ಏಳರಲ್ಲೂ ಜುಲೈ ತಿಂಗಳ ಆ ಭಾನುವಾರ ಮಗಳ ಸ್ಕೂಟರಿನ ಹಿಂದೆ ಪೇಟ ಹಿಡಿದುಕೊಂಡು ಬಂದು ಇಳಿಯುತ್ತಿದ್ದರು. ಮೇಜಿನ ಹಿಂದೆ ಈಗ ಸಂಘಮಿತ್ರಳೂ ಕೂರುತ್ತಿದ್ದಳು. ಅಪ್ಪನಿಗೆ ಮಂಡಿ ಹಿಡಿದಿತ್ತು, ದನಿಯೂ ಸವೆದಿತ್ತು. ಬಾಗಿಲಿಂದ ಮೆಟ್ಟಿಲಿಗೆ ಬರಲು ಮೊದಲಿನ ಎರಡರಷ್ಟು ಹೊತ್ತು ಬೇಕಾಗುತ್ತಿತ್ತು. ಹೀಗಾಗಿ ಆ ವರ್ಷಗಳಲ್ಲಿ ಕೂಗು ತಪ್ಪಿಸಿಕೊಂಡ ಮಕ್ಕಳು ಒಬ್ಬರೂ ಇಲ್ಲ.

ಕಾಯುವ ಮಕ್ಕಳ ಮಧ್ಯೆ, ಮರದ ಕೆಳಗೆ ಕೂತು ಅವರು ಈ ಕಥೆ ಹೇಳುತ್ತಿದ್ದರು. ಅರಳಿದ ಕಣ್ಣಿನಿಂದ ಕೇಳುತ್ತಿದ್ದ ಮಕ್ಕಳಿಗೆ ಗೆದ್ದವರು ಯಾರೆಂಬುದು ಗೊತ್ತಾಗುತ್ತಿತ್ತು, ಒಳಗೆ ಮೇಜಿನ ಹಿಂದೆಯೇ ಕೂತಿರುತ್ತಿದ್ದಳಲ್ಲ. ಸಣ್ಣಮಾದಯ್ಯನವರು ಕಥೆಯಲ್ಲಿ ದಲಾಯತ ಯಾರೆಂದು ಮಾತ್ರ ಹೇಳುತ್ತಿರಲಿಲ್ಲ, ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದರು. ಒಂದು ವರ್ಷ ಸುಷ್ಮಾ ಎಂಬ ಹುಡುಗಿ, ಕೈಯಲ್ಲಿ ಅರ್ಜಿ ಮುದುಡಿಕೊಂಡು ಕೂತಿದ್ದವಳು, ಹೆದರಿಕೆ ಮರೆತು ಕೇಳಿದಳು.

“ಅವತ್ತು ಅವರ ಎದುರು ನಿಂತು ಸೋತಿದ್ದು ಯಾರು ತಾತ?”

ಸಣ್ಣಮಾದಯ್ಯ ಕೋಲೂರಿ ಎದ್ದರು. ಉಜ್ಜಿ ಉಜ್ಜಿ ಅಕ್ಷರ ಸವೆದಿದ್ದ ಬಿಲ್ಲೆಯನ್ನು ಎದೆಯ ಮೇಲೆ ನೇರ ಮಾಡಿಕೊಂಡರು.

“ನಾನೇ ಕಣವ್ವ,” ಅಂದರು, ಗೇಟಿನತನಕ ಕೇಳಿಸುವ ಹಾಗೆ.